ಗಂಟೆ ಹೊಡೆಯದ ದಾಕ್ಷಿಣ್ಯ

ಕೊಪ್ಪದ ನಮ್ಮ ಕಾರ್ಖಾನೆಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಈಗ ಮೊದಲ ವಾರದಲ್ಲೇ ಕೆಲಸದಲ್ಲಿ ವ್ಯರ್ಥವಾಗುವುದನ್ನೆಲ್ಲ ಕಳೆಯುವ ಪದ್ಧತಿಗೆ ಇರುವ ‘ಲೀನ್’ ಎಂಬ ಪದವನ್ನು ಬಾಯಿಪಾಠ ಮಾಡಿಬಿಡುತ್ತಾರೆ. ಗೋಡೆಯ ಮೇಲೆ ಬೋರ್ಡಿದೆ, ನೆಲದ ಮೇಲೆ ಹಳದಿ ಗೆರೆಗಳಿವೆ, ಒಂದೊಂದು ಸ್ಪ್ಯಾನರಿಗೂ ಅದರದೇ ಆಕಾರದ ಜಾಗವಿದೆ. ನಾನು ನಿವೃತ್ತನಾಗಿ ಮನೆಯಲ್ಲಿ ಕೂತಿದ್ದರೂ ವರ್ಷಕ್ಕೊಮ್ಮೆ ಕರೆಸಿ, “ಇವ್ರಿಗೆ ನಾಲ್ಕು ಮಾತು ಹೇಳಿ ಸೀತಾರಾಮಣ್ಣ” ಅನ್ನುತ್ತಾರೆ. ನಾಲ್ಕು ಮಾತಿಗೆ ನಿಲ್ಲಿಸುವ ಅಭ್ಯಾಸ ನನಗಿಲ್ಲ. ಅದಕ್ಕೇ ಬರೆಯಲು ಕೂತೆ. ಬೋರ್ಡಿನಲ್ಲಿ ಇರುವುದನ್ನು ನೀವೇ ಓದಿಕೊಳ್ಳಿ. ನಮ್ಮ ಶೆಡ್ಡಿನಲ್ಲಿ ತೂಗುಹಾಕಿದ್ದ ಒಂದು ಗಂಟೆ, ಅದನ್ನು ಯಾರೂ ಹೊಡೆಯದೆ ಇದ್ದದ್ದು, ಅದರಿಂದ ನಮ್ಮ ರಜಾಕನ ಕೆಲಸಕ್ಕೂ ಕಣ್ಣಿಗೂ ಕುತ್ತು ಬಂದದ್ದು, ಇವು ಬೋರ್ಡಿನಲ್ಲಿ ಇಲ್ಲ.

ನಾವು ಮಾಡುತ್ತಿದ್ದುದು ಅಡಿಕೆ ಸುಲಿಯುವ ಯಂತ್ರ. ಹಸಿ ಅಡಿಕೆಯನ್ನು ಮೇಲೆ ಸುರಿದರೆ ಬೇಳೆ ಒಂದು ಕಡೆ, ಸಿಪ್ಪೆ ಒಂದು ಕಡೆ ಬೀಳಬೇಕು. ಕೇಳಲಿಕ್ಕೆ ಸುಲಭ. ಒಳಗಿರುವ ಬ್ಲೇಡಿಗೂ ರೋಲರಿಗೂ ನಡುವಿನ ಸಂದಿ ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಅಡಿಕೆ ಹೋಳಾಗುತ್ತದೆ, ಇಲ್ಲವೇ ಸಿಪ್ಪೆ ಅಂಟಿಕೊಂಡೇ ಹೊರಗೆ ಬರುತ್ತದೆ. ಆ ಸಂದಿ ಕೂರಿಸುವುದು ರಜಾಕನ ಕೆಲಸ. ನಾನು ಸೂಪರ್‌ವೈಸರ್, ಅವನು ಫಿಟ್ಟರ್. ಇಬ್ಬರೂ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಸೇರಿದವರು, ಆದ್ದರಿಂದ ನಮ್ಮ ನಡುವೆ ‘ಸಾರ್’ ‘ಸಾಹೇಬ್ರೆ’ ಯಾವುದೂ ಇರಲಿಲ್ಲ, ‘ಮಾರಾಯ’ ಒಂದೇ. ಅವನ ಪಕ್ಕದ ಮೇಜಿನಲ್ಲಿ ಜಲಜ ಕೂರುತ್ತಿದ್ದಳು. ಅವನು ಸಂದಿ ಕೂರಿಸಿ ಕಳಿಸಿದ್ದಕ್ಕೆ ಬೆಲ್ಟು ಹಾಕಿ, ಮುಚ್ಚಳ ಬಿಗಿದು, ಓಡಿಸಿ ನೋಡುವುದು ಅವಳ ಪಾಲು. ಕೆಲಸಕ್ಕೆ ಸೇರಿದಾಗ ಅವಳ ಕೈಗೆ ಸ್ಪ್ಯಾನರ್ ಕೊಟ್ಟು ಹಿಡಿಯುವುದನ್ನು ಕಲಿಸಿದವನೇ ರಜಾಕ. “ರಜಾಕಣ್ಣ” ಎಂದರೆ ಅವಳಿಗೆ ಒಡಹುಟ್ಟಿದ ಅಣ್ಣನಿಗಿಂತ ಹೆಚ್ಚು.

ಯಜಮಾನರು ಒಂದು ದಿನ ಎಲ್ಲರನ್ನೂ ಸೇರಿಸಿ, “ಇನ್ಮೇಲೆ ನಾವೆಲ್ಲ ಲೀನ್ ಆಗ್ಬೇಕು” ಎಂದು ಘೋಷಿಸಿದರು. ವೆಲ್ಡರ್ ದೇಜಪ್ಪ ನನ್ನ ಪಕ್ಕೆ ತಿವಿದು, “ಎಂತ ಮಾರಾಯ್ರೆ, ಪೇಪರಲ್ಲಿ ಫೋಟೋ ಹಾಕಿ ಪಂಚಭೂತಗಳಲ್ಲಿ ಲೀನ ಅಂತ ಬರೀತಾರಲ್ಲ, ಅದೇಯಾ ಇದು?” ಎಂದು ಕೇಳಿದ. ಸುತ್ತಲಿದ್ದವರೆಲ್ಲ ಕಿಸಕ್ಕೆಂದರು. ಆದರೆ ಆ ನಗೆಯ ಒಳಗೆ ಹೆದರಿಕೆಯೂ ಇತ್ತು. ಹೊರ ಊರಿನ ಕಾರ್ಖಾನೆಗಳಲ್ಲಿ ಇಂಥ ಪದ ಬಂದ ಹಿಂದೆಯೇ ಜನ ಕಡಿಮೆಯಾದ ಸುದ್ದಿ ಎಲ್ಲರ ಕಿವಿಗೂ ಬಿದ್ದಿತ್ತು. ಎಲ್ಲರಿಗಿಂತ ಹಿರಿಯ ಫಿಟ್ಟರ್ ರಜಾಕ ನಗುನಗುತ್ತಲೇ, “ಮೊದ್ಲು ಲೀನ ಆಗೂದು ನಾನೇ ಬಿಡು” ಅಂದ. ಅವನ ಕಿರಿಯ ಮಗಳು ಇನ್ನೂ ಕಾಲೇಜಿನಲ್ಲಿದ್ದಳು. ಮನೆ ನಡೆಯುತ್ತಿದ್ದುದು ಅವನೊಬ್ಬನ ದುಡಿಮೆಯಲ್ಲಿ.

ನಮಗೆ ಪಾಠ ಹೇಳಲು ಬಂದವರು ಮೂರ್ತಿ ಸರ್. ದೊಡ್ಡ ದೊಡ್ಡ ಕಾರ್ಖಾನೆಗಳಲ್ಲಿ ಇದ್ದು ಬಂದವರು, ಸಣ್ಣ ಆಳು, ಗಂಟಲು ಮಾತ್ರ ದೊಡ್ಡದು. ಬೆಳಗ್ಗೆ ಬಸ್ಸಿಳಿದು ನೇರ ಶೆಡ್ಡಿಗೆ ಬಂದು, ಕಾಫಿ ಕುಡಿಯುವುದಕ್ಕೂ ಮೊದಲು ನನ್ನ ಸ್ಟೋರ್ ರೂಮಿನ ಅಟ್ಟ ಹತ್ತಿದರು. ಅಲ್ಲಿ ನಮ್ಮ ಜೀವಮಾನದ ಸಂಪಾದನೆ ಇತ್ತು: ಹಳೆಯ ಮೋಟರುಗಳು, ಹರಿದ ಬೆಲ್ಟುಗಳು, ಹಲ್ಲು ಮುರಿದ ಗೇರುಗಳು. “ಇದೆಲ್ಲ ಯಾಕೆ ಇಟ್ಕೊಂಡಿದೀರಿ?” ಎಂದು ಮೇಲಿನಿಂದಲೇ ಕೂಗಿದರು. “ಇರ್ಲಿ ಅಂತ” ಎಂದೆ. ಬೇರೆ ಕಾರಣ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಮೂರ್ತಿ ಸರ್ ಕೆಳಗಿಳಿದು ಬಂದು, ಆ ಅಟ್ಟಕ್ಕೆ ‘ಇರ್ಲಿ ಭಂಡಾರ’ ಎಂದು ಚೀಟಿ ಅಂಟಿಸಿ, ಅದು ಖಾಲಿಯಾಗುವ ತನಕ ಬೇರೆ ಪಾಠವಿಲ್ಲ ಎಂದುಬಿಟ್ಟರು. ಗುಜರಿಯವನ ಲಾರಿ ಹೊರಟಾಗ ನಾನು ಗೇಟಿನವರೆಗೂ ಅದರ ಹಿಂದೆಯೇ ಹೋದೆ. ಆಮೇಲೆ ಆ ಜಾಗದಲ್ಲಿ ಕಿಟಕಿ ಇರುವುದು ಕಂಡಿತು.

ಅವರು ಹೇಳಿಕೊಟ್ಟ ಜಪಾನಿ ಪದಗಳಲ್ಲಿ ‘ಮುಡಾ’ ಒಂದು. ವ್ಯರ್ಥ ಎಂದು ಅರ್ಥ. ವ್ಯರ್ಥ ಓಡಾಟ, ವ್ಯರ್ಥ ಕಾಯುವಿಕೆ, ಒಮ್ಮೆ ಮಾಡಿದ್ದನ್ನೇ ತಿದ್ದಿ ಮತ್ತೊಮ್ಮೆ ಮಾಡುವುದು, ಎಲ್ಲವೂ ಮುಡಾ. ಶೆಡ್ಡಿನ ಯಂತ್ರಗಳನ್ನು ಹೊಸ ಕ್ರಮದಲ್ಲಿ ಕೂರಿಸಿದ ದಿನ ಪೂಜೆಗೆಂದು ಯಜಮಾನರು ಶೃಂಗೇರಿಯಿಂದ ತಮ್ಮ ಪರಿಚಯದ ಭಟ್ಟರೊಬ್ಬರನ್ನು ಕರೆಸಿದ್ದರು. ಭಟ್ಟರು ಮಂಡಲ ಬರೆಯುತ್ತ ಕೂತಿದ್ದಾಗ ಮೂರ್ತಿ ಸರ್ ಹಿಂದಿನಿಂದ, “ಇಲ್ಲಿ ಎಲ್ಲೆಲ್ಲೂ ಮುಡಾ ಇದೆ, ನೀವು ಯಾರೂ ನೋಡ್ತಾ ಇಲ್ಲ” ಎಂದು ನನ್ನ ಮೇಲೆ ಹಾರಾಡಿದರು. ಭಟ್ಟರ ಕೈ ನಿಂತುಹೋಯಿತು. “ಮೂಢವಾ? ಶುಕ್ರಂದು ಮುಗ್ದು ಎಷ್ಟು ದಿನ ಆತು! ಯಾರಪ್ಪ ಇವ್ರು, ಪಂಚಾಂಗ ನೋಡಿದಾರಾ?” ಎಂದು ಅವರೂ ಏರಿದ ದನಿಯಲ್ಲೇ ಕೇಳಿದರು. ಶುಭಕಾರ್ಯ ಮಾಡಬಾರದ ಗ್ರಹದ ಮೂಢಕ್ಕೂ ಜಪಾನಿನ ಮುಡಾಕ್ಕೂ ಇರುವ ವ್ಯತ್ಯಾಸವನ್ನು ನಾನು ಇಬ್ಬರ ನಡುವೆ ನಿಂತು ಬಿಡಿಸಿ ಹೇಳುವಷ್ಟರಲ್ಲಿ ಪಾನಕದ ಬೆಲ್ಲವೆಲ್ಲ ಕರಗಿತ್ತು. ಭಟ್ಟರು ಕೊನೆಗೆ, “ವ್ಯರ್ಥ ಅನ್ನಲಿಕ್ಕೆ ಕನ್ನಡದಲ್ಲಿ ವ್ಯರ್ಥ ಅಂದ್ರೆ ಸಾಲದಾ?” ಅಂದರು. ನನಗೆ ಅದು ಸರಿ ಅನ್ನಿಸಿತು. ಅವತ್ತಿನಿಂದ ನಾನು ಹಾಗೇ ಹೇಳುತ್ತ ಬಂದೆ.

ಮೂರ್ತಿ ಸರ್ ಕಲಿಸಿದ್ದರಲ್ಲಿ ನನಗೆ ತಕ್ಷಣ ಹಿಡಿಸಿದ್ದೆಂದರೆ, ಮುಂದಿನವನು ಕೇಳಿದಾಗ ಮಾತ್ರ ಹಿಂದಿನವನು ಮಾಡಿ ಕೊಡಬೇಕು ಎಂಬುದು. ನಮ್ಮಲ್ಲಿ ಅಲ್ಲಿಯವರೆಗೆ ವೆಲ್ಡಿಂಗ್‌ನವರು ಫ್ರೇಮು ಮಾಡಿ ಮಾಡಿ ಗುಡ್ಡೆ ಹಾಕುತ್ತಿದ್ದರು, ಫಿಟ್ಟಿಂಗ್‌ನವರು ಬೈದುಕೊಂಡು ಅದರ ಮೇಲೆ ಹತ್ತಿ ಇಳಿದು ಓಡಾಡುತ್ತಿದ್ದರು. ಊಟದ ಪಂಕ್ತಿಯಲ್ಲಿ ಎಲೆಯ ಮೇಲೆ ಅನ್ನ ಮುಗಿಯುತ್ತ ಬಂದಾಗ ಬಡಿಸುವವನು ಬಂದರೆ ಚೆನ್ನ; ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಸಾರು ಸುರಿದು ಹೋಗುವವನನ್ನು ಏನೆಂದು ಹೇಳುವುದು? ಹೀಗೆ ವಿವರಿಸಿದ ಮೇಲೆ ದೇಜಪ್ಪನಿಗೂ ಅರ್ಥವಾಯಿತು. “ಹಂಗಾರೆ ನಾನು ಇಷ್ಟು ವರ್ಷ ಸಾರು ಸುರ್ಕಂಡು ಬಂದೆ ಅನ್ನಿ” ಎಂದ.

ಹುರುಪು ಹೆಚ್ಚಾಗಿ ಒಮ್ಮೆ ಮುಗ್ಗರಿಸಿದ್ದೂ ಉಂಟು. ಬೇರಿಂಗುಗಳನ್ನು ಸ್ಟಾಕ್ ಇಡುವುದೇ ಬೇಡ, ಬೇಕಾದಾಗ ಶಿವಮೊಗ್ಗದಿಂದ ತರಿಸಿಕೊಂಡರಾಯಿತು ಎಂದು ತೀರ್ಮಾನವಾಯಿತು. ಬೇಸಿಗೆಯಲ್ಲಿ ಎಲ್ಲವೂ ಚಂದ. ನಾವು ಯಂತ್ರ ಕಟ್ಟುವ ಅಬ್ಬರವಿರುವುದು ಮಳೆಗಾಲದಲ್ಲಿ, ಕೊಯ್ಲಿಗೆ ಮುಂಚೆ. ಆಗ ರಸ್ತೆಗೆ ಮರ ಬಿದ್ದು ಪಾರ್ಸೆಲ್ ಬರುವುದು ನಿಂತಿತು, ಮೇಜಿನಿಂದ ಮೇಜಿಗೆ ಸಾಗುವ ನಮ್ಮ ಲೈನೂ ನಿಂತಿತು. ಮೂರ್ತಿ ಸರ್ ಫೋನಿನಲ್ಲಿ, “ಮಳೆ ಇಷ್ಟು ಅಂತ ನೀವು ಹೇಳಬಾರ್ದಿತ್ತಾ?” ಎಂದರು. “ನೀವು ಕೇಳ್ಬಾರ್ದಿತ್ತಾ?” ಎಂದು ನಾನೂ ಅಂದೆ. ಆಮೇಲೆ ಇಬ್ಬರೂ ಕೂತು, ಮಳೆಗಾಲಕ್ಕೆ ಸೌದೆ ಕೂಡಿಟ್ಟುಕೊಳ್ಳುವ ಹಾಗೆ ಬೇರಿಂಗನ್ನೂ ಹದವಾಗಿ ಇಟ್ಟುಕೊಳ್ಳುವುದೆಂದು ಮಾಡಿಕೊಂಡೆವು. ತಾವು ಹೇಳಿದ್ದೇ ಆಗಬೇಕೆಂದು ಅವರು ಹಟ ಹಿಡಿಯಲಿಲ್ಲ. ಆ ಮನುಷ್ಯನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅಲ್ಲಿಂದ.

ಇನ್ನು ಗಂಟೆಯ ವಿಚಾರ. ಹಿಂದಿನ ಮೇಜಿನಿಂದ ತಪ್ಪಿರುವ ಸಾಮಾನು ಬಂದರೆ ಯಾರೇ ಆಗಲಿ ಗಂಟೆ ಹೊಡೆಯಬೇಕು, ಇಡೀ ಲೈನ್ ನಿಲ್ಲಬೇಕು, ಎಲ್ಲರೂ ಅಲ್ಲಿಗೇ ಬಂದು ಅದು ಯಾಕಾಯಿತೆಂದು ನೋಡಬೇಕು. ಮೂರ್ತಿ ಸರ್‌ಗೆ ಇದು ಪ್ರಾಣ. ಗಂಟೆ ತರುವ ಕೆಲಸ ನನ್ನ ಪಾಲಿಗೆ ಬಂತು. ನಾನು ಶೃಂಗೇರಿಯ ದೇವಸ್ಥಾನದ ಬೀದಿಯಿಂದ ಒಳ್ಳೆಯ ಹಿತ್ತಾಳೆ ಗಂಟೆಯನ್ನೇ ತಂದೆ. ತಂದು ತೂಗುಹಾಕಿದ್ದೇ ತಡ, ಹೆಂಗಸರು ಚಪ್ಪಲಿ ಬಿಟ್ಟು ಅದರ ಕೆಳಗೆ ಹಾಯತೊಡಗಿದರು. ಮಾರನೆಯ ದಿನ ಅದಕ್ಕೆ ಕುಂಕುಮ, ಶುಕ್ರವಾರ ಮಲ್ಲಿಗೆ. ರಜಾಕ ಕೆಳಗೆ ನಿಂತು ನೋಡಿ, “ಇದನ್ನ ನಾನು ಹೊಡೆದ್ರೆ ನಿಮ್ಮ ದೇವ್ರು ಬರ್ತಾನಾ, ಮೂರ್ತಿ ಸರ್ ಬರ್ತಾರಾ?” ಎಂದು ಕೇಳಿದ. ಯಾರೂ ಹೊಡೆಯಲಿಲ್ಲ. ಕುಂಕುಮ ಒರೆಸಿ, ಕೆಂಪು ಹಗ್ಗ ಕಟ್ಟಿ, ಭಾಷಣ ಮಾಡಿ ನೋಡಿದೆವು. ಆಗಲೂ ಯಾರೂ ಹೊಡೆಯಲಿಲ್ಲ. ಕಾರಣ ಕುಂಕುಮವಲ್ಲವೆಂದು ಗೊತ್ತಾಗಲು ಸಮಯ ಹಿಡಿಯಿತು. ಗಂಟೆ ಹೊಡೆಯುವುದೆಂದರೆ ಪಕ್ಕದವನು ತಪ್ಪು ಮಾಡಿದ್ದಾನೆ ಎಂದು ಊರಿಗೆಲ್ಲ ಸಾರಿದ ಹಾಗೆ. ಬೆಳಗ್ಗೆ ಒಂದೇ ಬಸ್ಸಿನಲ್ಲಿ ಬಂದು, ಮಧ್ಯಾಹ್ನ ಒಬ್ಬರ ಡಬ್ಬಿಯ ಪಲ್ಯ ಇನ್ನೊಬ್ಬರು ತಿಂದು, ಆಮೇಲೆ ಅವರ ಮೇಲೆಯೇ ಗಂಟೆ ಹೊಡೆಯುವುದು ಹೇಗೆ? ಮೂರ್ತಿ ಸರ್ ಇದಕ್ಕೆ ಇಂಗ್ಲಿಷಿನಲ್ಲಿ ಪದ ಹುಡುಕಿದರು, ಸಿಗಲಿಲ್ಲ. ನಮ್ಮಲ್ಲಿ ಅದಕ್ಕೆ ದಾಕ್ಷಿಣ್ಯ ಅನ್ನುತ್ತಾರೆ.

ಹೀಗಿರುವಾಗ ಜಲಜ ತಂಗಿಯ ಬಾಣಂತನಕ್ಕೆಂದು ನರಸಿಂಹರಾಜಪುರಕ್ಕೆ ಹೋದಳು. ಅವಳ ಮೇಜಿಗೆ ಬೇರೊಬ್ಬಳನ್ನು ಕೂರಿಸಿದೆವು. ಕೊಯ್ಲು ಶುರುವಾಗಿತ್ತು. ಅವಳು ಹೋದ ಮೇಲೆ ತಯಾರಾದ ಯಂತ್ರವೊಂದು ಬಸರೀಕಟ್ಟೆಯ ನಾಗೇಶಗೌಡರಿಗೆ ಹೋಯಿತು. ಹೋದ ಬೆನ್ನಲ್ಲೇ ಅವರ ಫೋನು: “ನಾನು ಕೇಳಿದ್ದು ಅಡ್ಕೆ ಸುಲಿಯೋ ಮಿಷನ್ನು, ನೀವು ಕಳ್ಸಿದ್ದು ಕತ್ರಿ. ಬಂದು ನೋಡಿ, ಹೋಳು ರಾಶಿ ಬಿದ್ದದೆ.” ಕೊಯ್ದ ಹಸಿ ಅಡಿಕೆ ಕಾಯುವುದಿಲ್ಲ. ನಾನು ರಜಾಕನನ್ನೇ ಜೀಪಿಗೆ ಹತ್ತಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಅವನು, “ನಾನು ಕೂರ್ಸಿದ ಸಂದಿ ಇಲ್ಲಿವರೆಗೆ ಎಲ್ಲೂ ಹಿಂಗೆ ಮಾಡಿದ್ದಿಲ್ಲ ಮಾರಾಯ. ಗೌಡ್ರೇ ಏನೋ ತಿರುಪಿರ್ಬೇಕು” ಎನ್ನುತ್ತಿದ್ದ.

ಗೌಡರು ಏನನ್ನೂ ತಿರುಪಿರಲಿಲ್ಲ. ರಜಾಕ ಮುಚ್ಚಳ ಬಿಚ್ಚಿ, ಸಂದಿ ಅಳೆಯುವ ತೆಳು ತಗಡುಗಳ ಗೇಜನ್ನು ತೆಗೆದು, ತಗಡಿನ ಮೇಲಿನ ಅಂಕಿ ಓದಲು ಅದನ್ನು ಕಣ್ಣಿನ ಹತ್ತಿರ ಹಿಡಿದ, ದೂರ ಹಿಡಿದ, ಬಿಸಿಲಿಗೆ ತಿರುಗಿಸಿದ. ಆಮೇಲೆ ಬೆರಳಲ್ಲಿ ಮುಟ್ಟಿ ಒಂದು ತಗಡನ್ನು ಆರಿಸಿಕೊಂಡ. ಅದು ತಪ್ಪು ತಗಡು. ನಾನು ಪಕ್ಕದಲ್ಲೇ ನಿಂತಿದ್ದೆ. “ಇತ್ಲಾಗೆ ಕೊಡು, ಇವತ್ತು ನಾನು ಮಾಡ್ತೆ” ಎಂದು ಸರಿಮಾಡಿದೆ. ಗೌಡರ ಅಂಗಳದಲ್ಲಿ ಬೇಳೆ ಇಡಿಯಾಗಿ ಉದುರತೊಡಗಿದ ಮೇಲೆ ಅವರು ಕಾಫಿ ಕೊಟ್ಟರು. ರಜಾಕ ಕುಡಿಯಲಿಲ್ಲ. ವಾಪಸು ಬರುವಾಗ ಅವನು ಗೇಜಿನ ತಗಡುಗಳನ್ನು ಒಂದೊಂದಾಗಿ ಬೆರಳಲ್ಲಿ ಸವರುತ್ತಿದ್ದ. ಅವನ ಕೆಲಸ ಹೋಯಿತೆಂದೇ ನನ್ನ ಮನಸ್ಸು ಹೇಳುತ್ತಿತ್ತು. ಕಣ್ಣು ಕಾಣದ ಫಿಟ್ಟರನ್ನು ಯಾವ ಕಾರ್ಖಾನೆ ಇಟ್ಟುಕೊಳ್ಳುತ್ತದೆ?

ಜಲಜ ಮರಳಿ ಬಂದ ದಿನವೇ ಮೂರ್ತಿ ಸರ್ ಕೂಡ ಬಂದಿದ್ದರು. ತಪ್ಪಾದರೆ ‘ಯಾಕೆ’ ಎಂದು ಐದು ಸಲ ಕೇಳಬೇಕು, ಮೊದಲ ಉತ್ತರಕ್ಕೇ ನಿಲ್ಲಬಾರದು ಎಂಬುದು ಅವರ ಇನ್ನೊಂದು ಪಾಠ. ಯಜಮಾನರು, ಮೂರ್ತಿ ಸರ್, ನಾನು ರಜಾಕನ ಮೇಜಿನ ಹತ್ತಿರ ನಿಂತೆವು. ಹೋಳು ಯಾಕಾಯಿತು? ಸಂದಿ ತಪ್ಪಿತ್ತು. ಸಂದಿ ಯಾಕೆ ತಪ್ಪಿತು? ಗೇಜಿನ ಅಂಕಿ ಕಾಣಲಿಲ್ಲ. ಇದನ್ನು ಹೇಳುವಾಗ ರಜಾಕ ನೆಲ ನೋಡುತ್ತಿದ್ದ. “ಇಷ್ಟು ದಿನ ಯಾಕೆ ಒಂದೂ ಕಂಪ್ಲೇಂಟ್ ಬರ್ಲಿಲ್ಲ?” ಎಂದು ಮೂರ್ತಿ ಸರ್ ಕೇಳಿದರು. ಪಕ್ಕದ ಮೇಜಿನಿಂದ ಜಲಜ ಮೆಲ್ಲಗೆ, “ನಾನು ಸರಿ ಮಾಡ್ತಿದ್ದೆ” ಎಂದಳು. ಹಿಂದಿನ ಕೊಯ್ಲಿನ ಮುಂಚಿನಿಂದಲೂ ರಜಾಕ ಕಳಿಸಿದ ಯಂತ್ರದ ಸಂದಿಯನ್ನು ಅವಳು ಮುಚ್ಚಳ ಹಾಕುವ ನೆಪದಲ್ಲಿ ಬಿಚ್ಚಿ ಮತ್ತೆ ಕೂರಿಸುತ್ತಿದ್ದಳು.

“ಗಂಟೆ ಯಾಕೆ ಹೊಡೀಲಿಲ್ಲ?” ಎಂದು ಯಜಮಾನರು ಕೇಳಿದರು.

“ಹೆಂಗೆ ಹೊಡೀಲಿ ಯಜಮಾನ್ರೆ? ರಜಾಕಣ್ಣನ ಮೇಲಾ?” ಎಂದು ಅವಳು ಅಳತೊಡಗಿದಳು. “ಗೊತ್ತಾದ್ರೆ ಅವ್ರನ್ನ ಮನೆಗೆ ಕಳಿಸ್ತೀರಿ ಅಂತ ಸುಮ್ನಿದ್ದೆ.”

ಐದನೆಯ ‘ಯಾಕೆ’ಯನ್ನು ಮೂರ್ತಿ ಸರ್ ರಜಾಕನ ಕಡೆ ತಿರುಗಿ ಕೇಳಿದರು. ಅವರ ದೊಡ್ಡ ಗಂಟಲು ಅವತ್ತು ಸಣ್ಣದಾಗಿತ್ತು. “ಕಣ್ಣು ಮಂಜಾಗಿದೆ ಅಂತ ನಿಮಗೆ ಗೊತ್ತಿತ್ತಲ್ಲ, ಡಾಕ್ಟರಿಗೆ ಯಾಕೆ ತೋರಿಸ್ಲಿಲ್ಲ?”

ರಜಾಕ ಜಲಜಳನ್ನೇ ನೋಡುತ್ತ ಹೇಳಿದ: “ಸ್ವಲ್ಪ ಮಂಜು ಇತ್ತು ಸರ್. ಆದ್ರೆ ನನ್ ಮಿಷನ್ನು ಎಲ್ಲಾ ಸರಿ ಓಡ್ತಿತ್ತು. ಗಂಟೆ ಯಾರೂ ಹೊಡೀತಿರ್ಲಿಲ್ಲ. ಹಂಗಾರೆ ನನ್ ಕಣ್ಣಿಗೆ ಎಂತದೂ ಆಗ್ಲಿಲ್ಲ ಅಂದ್ಕಂಡೆ.”

ತಾನು ಅವನ ಮರ್ಯಾದೆ ಉಳಿಸುತ್ತಿದ್ದೇನೆಂದು ಜಲಜ ತಿಳಿದಿದ್ದಳು. ಶೆಡ್ಡಿನಲ್ಲಿ ಯಾರಿದ್ದರೂ ಹಾಗೇ ತಿಳಿಯುತ್ತಿದ್ದರು. ಆದರೆ ಕಣ್ಣು ಕೆಡುತ್ತಿದೆ ಎಂಬ, ಅವನಿಗೆ ತಿಳಿಯಬೇಕಾದ ಒಂದೇ ಒಂದು ಸುದ್ದಿಯನ್ನು ಎಲ್ಲರೂ ಸೇರಿ ತಡೆದ ಹಾಗಾಗಿತ್ತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಬರುವಷ್ಟರಲ್ಲಿ ಯಜಮಾನರು ರಜಾಕನ ಹೆಗಲ ಮೇಲೆ ಕೈ ಹಾಕಿ ನಿಂತಿದ್ದರು. “ತಪ್ಪು ತೋರಿಸಿದವ್ರನ್ನೂ ತಪ್ಪು ಮಾಡಿದವ್ರನ್ನೂ ಮನೆಗೆ ಕಳಿಸಿದ್ರೆ ನಾಳೆಯಿಂದ ಈ ಶೆಡ್ಡಲ್ಲಿ ಒಬ್ಬರೂ ಬಾಯಿ ಬಿಡಲ್ಲ ಅಂತ ಮೂರ್ತಿಯವ್ರು ಮೊದಲ ದಿನವೇ ಹೇಳಿದ್ರು. ನಾನು ಅದನ್ನ ಒಪ್ಪಿಕೊಂಡೇ ಶುರು ಮಾಡಿದ್ದು. ಮೊದ್ಲು ಕಣ್ಣು ತೋರ್ಸು. ಮೇಜು ನಿಂದೇ” ಎಂದರು. ನಾನು ಬಹಳ ಜನ ಮೇಲಧಿಕಾರಿಗಳ ಕೈಕೆಳಗೆ ದುಡಿದವನಲ್ಲ. ದುಡಿದ ಒಬ್ಬರು ಇಂಥವರಾಗಿದ್ದರು ಎಂಬುದು ನನ್ನ ಭಾಗ್ಯ.

ಶಿವಮೊಗ್ಗದ ಕಣ್ಣಿನ ಆಸ್ಪತ್ರೆಗೆ ರಜಾಕನ ಜೊತೆ ಅವನ ಮಗಳು, ನಾನು, ಬೇಡವೆಂದರೂ ಕೇಳದೆ ಜಲಜ ಹೋದೆವು. ಬಲಗಣ್ಣಿಗೆ ಪೊರೆ, ಅದನ್ನು ತೆಗೆಯಬಹುದು. ಎಡಗಣ್ಣಿನ ಒಳಗೆ ಒತ್ತಡ ಹೆಚ್ಚಾಗಿ ನರ ಸೋತಿದೆ, ಹೋದ ದೃಷ್ಟಿ ಬರುವುದಿಲ್ಲ, ಬೇಗ ಬಂದಿದ್ದರೆ ಒಂದಿಷ್ಟಾದರೂ ಉಳಿಯುತ್ತಿತ್ತು ಎಂದರು ಡಾಕ್ಟರು. ಜಲಜ ಗೋಡೆ ಕಡೆ ತಿರುಗಿದಳು.

ಆ ಆಸ್ಪತ್ರೆಯ ನೆಲದ ಮೇಲೂ ಬಣ್ಣದ ಗೆರೆಗಳಿದ್ದವು. ರೋಗಿಗಳು ಒಂದು ಕೋಣೆಯಿಂದ ಇನ್ನೊಂದಕ್ಕೆ ಗುಂಪುಗಟ್ಟದೆ ಸಾಗುತ್ತಿದ್ದರು. ನನ್ನ ಕಣ್ಣು ಸುಮ್ಮನಿರುತ್ತದೆಯೇ? ಇವರೂ ನಮ್ಮ ಪಾಠವನ್ನೇ ಓದಿದವರು ಎಂದು ಜಲಜಳಿಗೆ ತೋರಿಸಿದೆ. ಕಾರು ಮಾಡುವವರು ಹುಟ್ಟುಹಾಕಿದ ಪದ್ಧತಿ ಅಡಿಕೆ ಯಂತ್ರಕ್ಕೆ ಬಂದು, ಆಸ್ಪತ್ರೆಗೂ ಬಂದು, ಈಗ ಶೃಂಗೇರಿಯ ಲಾಡ್ಜಿನವರೂ ಬೆಡ್‌ಶೀಟು ಮಡಚಿಡುವುದರಲ್ಲಿ ಅದನ್ನೇ ಮಾಡುತ್ತಾರೆ. ಆಪರೇಷನ್ನಿಗೆ ಒಳಗೆ ಕರೆದೊಯ್ಯುವಾಗ ಒಬ್ಬ ನರ್ಸ್ ಬಾಗಿಲಲ್ಲೇ ತಳ್ಳುಗಾಡಿ ನಿಲ್ಲಿಸಿದಳು. ಎದುರಿಗೆ ದೊಡ್ಡ ಡಾಕ್ಟರೇ ಇದ್ದರು. “ಸರ್, ಕಣ್ಣಿನ ಮೇಲೆ ಗುರುತು ಹಾಕಿಲ್ಲ. ಹಾಕೋವರೆಗೆ ಒಳಗೆ ಬಿಡಲ್ಲ” ಎಂದಳು. ಡಾಕ್ಟರು ತಕ್ಷಣ ಬಂದು, ರಜಾಕನನ್ನು ಯಾವ ಕಣ್ಣೆಂದು ಕೇಳಿ, ಹುಬ್ಬಿನ ಮೇಲೆ ಗುರುತು ಹಾಕಿ, ಅವಳಿಗೆ ಥ್ಯಾಂಕ್ಸ್ ಹೇಳಿ ಒಳಗೆ ಹೋದರು. ಜಲಜ ಆ ಬಾಗಿಲನ್ನೇ ನೋಡುತ್ತಿದ್ದಳು. “ಅವ್ಳಿಗೆ ಹೆದ್ರಿಕೆ ಆಗ್ಲಿಲ್ವಾ ಸೀತಾರಾಮಣ್ಣ?” ಎಂದು ಕೇಳಿದಳು. ಆಗಿರುತ್ತದೆ ಎಂದೆ.

ರಜಾಕ ಗುಣವಾಗಿ ಬರುವ ಹೊತ್ತಿಗೆ ನಾವು ಅವನ ಮೇಜಿಗೆ ಎರಡು ಉಕ್ಕಿನ ಪಟ್ಟಿ ಮಾಡಿಟ್ಟಿದ್ದೆವು. ತೆಳುವಾದದ್ದು ಸಂದಿಯೊಳಗೆ ಹೋಗಬೇಕು, ದಪ್ಪನೆಯದು ಹೋಗಬಾರದು, ಅಷ್ಟೇ. ಅಂಕಿ ಓದುವ ಕೆಲಸವೇ ಇಲ್ಲ. ಮೂರ್ತಿ ಸರ್ ಅದಕ್ಕೂ ಒಂದು ಜಪಾನಿ ಹೆಸರು ಹೇಳಿದರು, ನಾನು ಮರೆತೆ. ರಜಾಕ ಕಪ್ಪು ಕನ್ನಡಕ ಹಾಕಿಕೊಂಡು ಸಿನಿಮಾ ನಟನ ಗತ್ತಿನಲ್ಲಿ ಒಳಗೆ ಬಂದಾಗ ದೇಜಪ್ಪ ಸಿಳ್ಳೆ ಹೊಡೆದ. ಅವನು ಕೂತು, ಪಟ್ಟಿಗಳನ್ನು ಸವರಿ ನೋಡಿ, ಮೊದಲ ಯಂತ್ರಕ್ಕೆ ಸಂದಿ ಕೂರಿಸಿ ಮುಂದಕ್ಕೆ ತಳ್ಳಿದ. ಸಂದಿ ಸರಿಯಾಗಿತ್ತು. ಆದರೆ ಅದನ್ನು ಹಿಡಿದಿಡುವ ಚೆಕ್‌ನಟ್ಟನ್ನು ಬಿಗಿಯುವುದು ಮರೆತಿದ್ದ. ಜಲಜ ಮುಚ್ಚಳ ಕೈಯಲ್ಲಿ ಹಿಡಿದು ನಿಂತಳು. ನಾನು ದೂರದಿಂದ ನೋಡುತ್ತಿದ್ದೆ. ಸ್ಪ್ಯಾನರ್ ಅವಳ ಕೈಗೆ ಸಿಗುವಲ್ಲೇ ಇತ್ತು. ಒಂದು ತಿರುವು ಕೊಟ್ಟರೆ ಮುಗಿಯಿತು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅವಳು ಮುಚ್ಚಳ ಕೆಳಗಿಟ್ಟು, ಹೋಗಿ, ಕಣ್ಣು ಮುಚ್ಚಿಕೊಂಡು ಹಗ್ಗ ಎಳೆದಳು.

ಲೈನ್ ನಿಂತಿತು. ವೆಲ್ಡಿಂಗಿನ ಸದ್ದೂ ನಿಂತಿತು. ಎಲ್ಲರೂ ರಜಾಕನ ಮುಖ ನೋಡುತ್ತಿದ್ದರು. ಅವನು ಎದ್ದು ಬಂದು, ಕನ್ನಡಕ ಹಣೆಗೇರಿಸಿ, ಬಲಗಣ್ಣನ್ನು ನಟ್ಟಿನ ಹತ್ತಿರಕ್ಕೆ ಒಯ್ದು ನೋಡಿದ. ಬೆರಳಲ್ಲಿ ತಿರುಗಿಸಿದ, ಅದು ಸಲೀಸಾಗಿ ತಿರುಗಿತು. “ಹೌದು, ಬಿಟ್ಟೋಗಿದೆ” ಎಂದು ಸ್ಪ್ಯಾನರ್ ತೆಗೆದುಕೊಂಡು ಬಿಗಿದ. ಜಲಜ ತಲೆ ತಗ್ಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಯಾಕೆ ಅಳ್ತಿ ಮಾರಾಯ್ತಿ?” ಎಂದ ರಜಾಕ. “ತಪ್ಪಿದ್ರೆ ನೀನು ಗಂಟೆ ಹೊಡೀತಿ ಅಂತ ಈಗ ಗೊತ್ತಾತು. ಇನ್ಮೇಲೆ ನೀನು ಸುಮ್ನಿದ್ರೆ, ನನ್ ಕೆಲ್ಸ ಸರಿ ಇದೆ ಅಂತ ನಾನು ನಂಬಬೋದು.”